ಬಿದ್ದಿದ್ದಲ್ಲ, ಪೊಸಿಷನ್ ತಗೊಂಡಿದ್ದು!

ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಬೀಳಕೂಡದು!

ಹೀಗೆಂದು ನಾನು ಘೋಷಿಸಿದ್ದು ಶಿಡ್ಲಘಟ್ಟದ ನಮ್ಮ ಮನೆಯ ಹಾಲಿನಲ್ಲಿ, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಇನ್ನೊಂದು ಕೈಯನ್ನು ಸೂರಿನ ಕಡೆಗೆ ಎತ್ತಿ. ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾಗಿ ಆಗಿನ್ನೂ ತಿಂಗಳೂ ತುಂಬಿರಲಿಲ್ಲ. ಸಹೋದ್ಯೋಗಿಗಳು ಬೀಳ್ಕೊಡುಗೆ ಸಮಾರಂಭ ಏರ್ಪಡಿಸಿ, ಹಾರ ಹಾಕಿ, ಪೇಟ ತೊಡಿಸಿ, "ನರಸಿಂಹಮೂರ್ತಿ ಮೇಷ್ಟ್ರ ಮುಂದಿನ ಜೀವನ ಸುಖವಾಗಿರಲಿ" ಎಂದು ಹಾರೈಸಿ ಕಳಿಸಿದ್ದರು. ಬೀಳ್ಕೊಡುಗೆ ಎಂದರೆ ಬೀಳುವುದನ್ನೇ ಕೊಡುಗೆಯಾಗಿ ಕೊಟ್ಟು ಕಳಿಸುವುದು ಎಂಬ ಅರ್ಥ ಜೀವಮಾನವೆಲ್ಲ ಭಾಷೆ ಕಲಿಸಿದ ನನ್ನ ತಲೆಗೆ ಹೊಳೆಯಲೇ ಇಲ್ಲ!

ಘೋಷಣೆಗೆ ಕಾರಣ ನನ್ನ ಮಾವ, ಸುಬೇದಾರ್ ಬಯ್ಯಪ್ಪ. ಎಂಬತ್ತು ದಾಟಿದ ಮಾಜಿ ಸೈನಿಕ. ಸೇನೆಯಲ್ಲಿ ಸೇತುವೆ ಕಟ್ಟುವ ಪಡೆಯಲ್ಲಿದ್ದವರು. ಅವರೂ ಅತ್ತೆ ಕೊಂಡಮ್ಮನೂ ನಮ್ಮ ಜೊತೆಯಲ್ಲೇ ಇದ್ದಾರೆ. ನಿಜ ಹೇಳಬೇಕೆಂದರೆ ನಾವೇ ಅವರ ಜೊತೆಯಲ್ಲಿದ್ದೇವೆ, ಮನೆ ಅವರದು. ಹೆಂಡತಿ ಜ್ಯೋತಿಲಕ್ಷ್ಮಿ ಅವರ ಒಬ್ಬಳೇ ಮಗಳು. ಚಿಕ್ಕಬಳ್ಳಾಪುರದ ಬ್ಯಾಂಕೊಂದರಲ್ಲಿ ಅಧಿಕಾರಿ. ಮನೆಯಲ್ಲೂ ಅದೇ ಹುದ್ದೆ.

ಘೋಷಣೆಯ ಹಿಂದಿನ ದಿನ ಬಚ್ಚಲಮನೆಯಲ್ಲಿ ಧಡ್ ಎಂದು ಸದ್ದಾಯಿತು. ಅದರ ಹಿಂದೆಯೇ ಇನ್ನೊಂದು ಧಡ್. ಓಡಿ ಹೋಗಿ ನೋಡಿದರೆ ಮಾವ ಸೋಪಿನ ನೀರಲ್ಲಿ ಜಾರಿ ಬೋರಲು ಬಿದ್ದಿದ್ದಾರೆ. ಅವರನ್ನು ಎತ್ತಲು ಹೋದ ಅತ್ತೆ ಪಕ್ಕದಲ್ಲೇ ಅಂಗಾತ ಬಿದ್ದಿದ್ದಾರೆ!

"ಅಯ್ಯೋ ಮಾವ, ಬಿದ್ಬಿಟ್ರಾ?"

"ಯಾರ್ ಬಿದ್ದಿದ್ದು?" ಮಾವ ನೆಲದ ಮೇಲಿಂದಲೇ ಗುಡುಗಿದರು. "ಬಿದ್ದಿದ್ದಲ್ಲ, ಪೊಸಿಷನ್ ತಗೊಂಡಿದ್ದು!"

ಮಿಲಿಟರಿಯಲ್ಲಿ ಗುಂಡಿನ ಸದ್ದು ಕೇಳಿದ ಕೂಡಲೇ ನೆಲಕ್ಕೆ ಒರಗಿ ಬಂದೂಕು ಹಿಡಿಯುವುದಕ್ಕೆ ಪೊಸಿಷನ್ ತೆಗೆದುಕೊಳ್ಳುವುದು ಅನ್ನುತ್ತಾರಂತೆ. ಬಚ್ಚಲಮನೆಯಲ್ಲಿ ಗುಂಡು ಹಾರಿಸಿದ್ದು ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

"ನಾನು ಮಾತ್ರ ಬಿದ್ದೇ ಬಿದ್ದೆ ಕಣ್ರಪ್ಪಾ," ಅಂದರು ಅತ್ತೆ, ನರಳುತ್ತ.

ಮಾವನಿಗೆ ಏನೂ ಆಗಿರಲಿಲ್ಲ. ಅತ್ತೆಯ ಮಣಿಕಟ್ಟು ಊದಿಕೊಂಡು ಪಟ್ಟಿ ಕಟ್ಟಿಸಬೇಕಾಯಿತು. ಆ ಪಟ್ಟಿಯ ಕಡೆ ಮಾವ ಮತ್ತೆ ಮತ್ತೆ ಕಣ್ಣು ಹಾಯಿಸುವುದು, ನಾವು ನೋಡಿದರೆ ಕ್ಯಾಲೆಂಡರ್ ಕಡೆ ತಿರುಗುವುದು ನಡೆದೇ ಇತ್ತು. ಸಂಜೆ ಬ್ಯಾಂಕಿನಿಂದ ಬಂದ ಜ್ಯೋತಿ ಎಲ್ಲವನ್ನೂ ಕೇಳಿ ಕಾನೂನು ಹೊರಡಿಸಿದಳು.

"ಅಪ್ಪಾ, ಇದೇ ಲಾಸ್ಟು. ಇನ್ಮೇಲೆ ಈ ಮನೇಲಿ ಬಿದ್ದೋರಿಗೆ ಗೇಟ್ ಬಂದ್! ಬೀಗ ಹಾಕಿ ಕೀ ನನ್ ಬ್ಯಾಗಲ್ಲಿಟ್ಕೊಂಡ್ ಬ್ಯಾಂಕಿಗ್ ಹೋಗ್ತೀನಿ. ವಾಕಿಂಗೂ ಇಲ್ಲ, ಕೋನಪ್ಪನ ತೋಟಾನೂ ಇಲ್ಲ."

ಮಾವನ ಮೀಸೆ ಇಳಿದುಹೋಯಿತು. ಬೆಳಿಗ್ಗೆ ಎದ್ದು ಗಡ್ಡ ಹೆರೆದು, ಬೂಟಿಗೆ ಪಾಲಿಶ್ ಹಾಕಿ, ಊರಾಚೆ ಹಳೆಯ ಮಿಲಿಟರಿ ಗೆಳೆಯ ಕೋನಪ್ಪನ ಹಿಪ್ಪುನೇರಳೆ ತೋಟಕ್ಕೆ ನಡೆದು ಹೋಗಿ ಟೀ ಕುಡಿದು ಬರುವುದು ಅವರ ಉಸಿರು. ಆ ಗೇಟು ಮುಚ್ಚಿದರೆ ಮಾವ ಮುದುಕರಾಗಿಬಿಡುತ್ತಾರೆ. ಎಂಬತ್ತು ದಾಟಿದ್ದರೂ ಅವರು ಆ ಕೆಲಸಕ್ಕಿನ್ನೂ ಕೈ ಹಾಕಿರಲಿಲ್ಲ. ಅದಕ್ಕೇ ಮರುದಿನ ಆ ಘೋಷಣೆ!

"ರೀ, ಯಾರೂ ಬೀಳ್ದಂಗೆ ನೀವ್ ನೋಡ್ಕೋತೀರಾ?" ಜ್ಯೋತಿ ಕೇಳಿದಳು.

"ನನ್ನ ಕಾವಲಿನಲ್ಲಿ ಗೋಡೆ ಮೇಲಿನ ಹಲ್ಲಿ ಕೂಡ ಬೀಳೋದಿಲ್ಲ!"

"ಹಲ್ಲಿ ಬಿಡಿ. ಅಪ್ಪನ್ನ ನೋಡ್ಕೊಳಿ."

ಕಾರ್ಯಾಚರಣೆ ಆರಂಭವಾಯಿತು. ಬಚ್ಚಲಿಗೆ ರಬ್ಬರ್ ಮ್ಯಾಟ್ ಹಾಸಿದೆ. ಅದರ ಅಂಚು ಮೇಲೆದ್ದು ಅತ್ತೆ ಎಡವಿದರು. ಅಂಚು ಕತ್ತರಿಸಿದೆ. ಮ್ಯಾಟೇ ಜಾರತೊಡಗಿತು. ಗೋಡೆಗೆ ಹಿಡಿಕೆ ಹಾಕಲು ಡ್ರಿಲ್ಲಿಂಗ್ ಮಷೀನು ತಂದು ನಾನೇ ತೂತು ಕೊರೆದೆ. ಗಟ್ಟಿಯಾಗಿದೆಯೇ ಎಂದು ಜಗ್ಗಿ ನೋಡಿದರೆ ಹಿಡಿಕೆ ನನ್ನ ಕೈಗೆ ಬಂತು, ಹಿಂದೆಯೇ ಬೊಗಸೆ ಸಿಮೆಂಟೂ ಬಂತು.

"ಅಪ್ಪನ್ನ ಬೀಳ್ದಂಗೆ ನೋಡ್ಕೊಳಿ ಅಂದ್ರೆ ಗೋಡೆ ಬೀಳಿಸ್ತಿದೀರಲ್ರೀ!" ಅಂದಳು ಜ್ಯೋತಿ.

ಸೋಲೊಪ್ಪುವವನು ನಾನಲ್ಲ. ಮಾವನ ಊರುಗೋಲಿಗೆ ಸೈಕಲ್ ಬೆಲ್ ಬಿಗಿದೆ. "ಮಾವ, ತಲೆ ಸುತ್ತಿದ್ರೆ, ಕಾಲು ನಡುಗಿದ್ರೆ, ಏಳ್ಬೇಕು ಅನ್ನಿಸಿದ್ರೆ ಬೆಲ್ ಹೊಡೀರಿ. ನಾನು ಎದ್ದೂ ಬಿದ್ದೂ ಓಡ್ಬರ್ತೀನಿ."

ಮಾವ ಗಂಭೀರವಾಗಿ ತಲೆದೂಗಿದರು. ಮರುಕ್ಷಣವೇ ಟ್ರಿಣ್! ಓಡಿದೆ.

"ಅಳಿಯಂದ್ರೇ, ಕಾಫಿ."

ಟ್ರಿಣ್! ಓಡಿದೆ.

"ಸಕ್ಕರೆ ಕಮ್ಮಿ."

ಸಂಜೆಯ ಹೊತ್ತಿಗೆ ನನ್ನ ಮಂಡಿ ಎರಡೂ ಊದಿಕೊಂಡವು. ಪೀಟಿ ಮಾಡಿಸಿದ ಖುಷಿಯಲ್ಲಿ ಮಾವನ ಮುಖ ಅರಳಿತ್ತು.

ಜ್ಯೋತಿಯ ಒತ್ತಾಯಕ್ಕೆ ಮಾವನನ್ನು ಚಿಕ್ಕಬಳ್ಳಾಪುರದ ಫಿಸಿಯೋಥೆರಪಿ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅತ್ತೆಯೂ ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡು ಬಂದರು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ.

"ತಾತ, ಈ ವರ್ಷ ಯಾವಾಗಾದ್ರೂ ಬಿದ್ದಿದ್ರಾ?"

"ಇಲ್ಲಮ್ಮ."

"ಪೊಸಿಷನ್ ತಗೊಂಡಿದ್ರು," ಅಂದೆ ನಾನು ವ್ಯಂಗ್ಯವಾಗಿ.

ಆಕೆ ನಕ್ಕಳು. ಮಾವನನ್ನು ಕುರ್ಚಿಯಿಂದ ಏಳಿಸಿ ಕೂರಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವರನ್ನ ನೋಡ್ಕೊಳ್ಳೋರು ನೀವಾ ಸರ್? ನೀವೂ ಬನ್ನಿ, ಒಂಟಿ ಕಾಲಲ್ಲಿ ಸ್ವಲ್ಪ ನಿಂತ್ಕೊಳಿ ನೋಡಣ," ಅಂದಳು.

"ಪೇಷೆಂಟ್ ನಾನಲ್ಲಮ್ಮಾ, ಅವರು!"

"ಗೊತ್ತು ಸರ್. ಆದ್ರೆ ಎಷ್ಟೋ ಮನೇಲಿ ಬಿದ್ದೋರನ್ನ ಎತ್ತೋಕ್ ಹೋಗಿ ನೋಡ್ಕೊಳ್ಳೋರೂ ಬೀಳ್ತಾರೆ. ಮಂಡಿ ಬೇರೆ ಊದಿದೆ ನಿಮ್ದು."

ನನ್ನ ಆತ್ಮಗೌರವ ಕೆರಳಿತು! ಅಷ್ಟರಲ್ಲಿ ಹೊಸ ಮ್ಯಾಟಿನ ಅಂಗಡಿಯವನ ಫೋನ್ ಬಂತು. ಅದನ್ನೇ ನೆಪ ಮಾಡಿಕೊಂಡು ಹೊರಗೆ ಹೋದೆ. ಒಳಗೆ ಆ ಹುಡುಗಿ ಮಾವನಿಗೂ ಅತ್ತೆಗೂ ಬಹಳ ಹೊತ್ತು ಅದೇನೋ ಹೇಳುತ್ತಿದ್ದಳು. ನಾನು ಅತ್ತ ಕಿವಿ ಕೊಡಲಿಲ್ಲ.

ಅತ್ತೆಯ ಪಟ್ಟಿ ಬಿಚ್ಚಿದ ಮೇಲೆ ವಿಚಿತ್ರಗಳು ಆರಂಭವಾದವು.

ವಾಕಿಂಗ್ ಮುಗಿಸಿ ಬಂದ ಮಾವನ ಅಂಗಿಯ ಮೊಣಕೈಯಲ್ಲಿ ಮಣ್ಣು! ಮರುದಿನ ಪ್ಯಾಂಟಿನ ಮಂಡಿಯಲ್ಲೂ ಮಣ್ಣು. ಅದರ ಮರುದಿನ ಕಾಲರಿನಲ್ಲಿ ಒಂದು ಹುಲ್ಲುಕಡ್ಡಿ. ಕೇಳಿದರೆ, "ಗಾಳಿ ಅಳಿಯಂದ್ರೇ, ಗಾಳಿ," ಅನ್ನುತ್ತಿದ್ದರು. ಗಿಡದ ಎಲೆ ಅಲುಗದ ದಿನ ಮಾವನ ಬೆನ್ನಿಗೆ ಮಾತ್ರ ಅಷ್ಟೊಂದು ಗಾಳಿ ಎಲ್ಲಿಂದ ಬೀಸಿತು?

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಅತ್ತೆಯ ತುರುಬಿನಲ್ಲೂ ಹುಲ್ಲುಕಡ್ಡಿ!

"ಅತ್ತೆ, ಎಲ್ಲಿಗ್ ಹೋಗಿದ್ರಿ?"

"ಸೊಪ್ಪು ತರೋಕೆ."

"ಸೊಪ್ಪು ಎಲ್ಲಿ?"

"ಸಿಗ್ಲಿಲ್ಲ."

ಶಿಡ್ಲಘಟ್ಟದಲ್ಲಿ ಸೊಪ್ಪು ಸಿಗಲಿಲ್ಲವಂತೆ! ನನ್ನ ಕುತೂಹಲಕ್ಕೆ ರೆಕ್ಕೆ ಬಂತು. ಪೇಪರ್ ಹಿಡಿದರೂ ಅದೇ ಯೋಚನೆ, ಊಟಕ್ಕೆ ಕೂತರೂ ಅದೇ ಯೋಚನೆ. ಮಾವನ ಅಂಗಿಯನ್ನು ಒಗೆಯಲು ಹಾಕುವ ಮುನ್ನ ಮೂಸಿ ನೋಡುವ ಮಟ್ಟಕ್ಕೆ ಇಳಿದೆ. ಹಿಪ್ಪುನೇರಳೆ ಸೊಪ್ಪಿನ ವಾಸನೆ! ಎಲ್ಲವನ್ನೂ ಕೂಡಿ ಕಳೆದು ಒಂದು ತೀರ್ಮಾನಕ್ಕೆ ಬಂದೆ: ಮಾವ ದಿನಾ ದಾರಿಯಲ್ಲಿ ಬೀಳುತ್ತಿದ್ದಾರೆ. ಅತ್ತೆ ಹಿಂದೆಯೇ ಹೋಗಿ ಎತ್ತುತ್ತಿದ್ದಾರೆ. ಗೇಟು ಮುಚ್ಚುವ ಭಯಕ್ಕೆ ಇಬ್ಬರೂ ಮಗಳಿಂದ ಮುಚ್ಚಿಡುತ್ತಿದ್ದಾರೆ.

ಜ್ಯೋತಿಗೆ ಹೇಳಿದರೆ ಅವತ್ತೇ ಬೀಗ. ಹೇಳದಿದ್ದರೆ ಮಾವನ ಸೊಂಟದ ಗತಿ? ಪೇಚಿಗೆ ಬಿದ್ದೆ. ನಮ್ಮ ಮನೆಯಲ್ಲಿ ಆಮೇಲೆ ಬಿದ್ದವರಲ್ಲಿ ನಾನೇ ಮೊದಲಿಗ, ಯಾರೂ ಗಮನಿಸಲಿಲ್ಲ.

ಒಂದು ಸಂಜೆ ಮಾವ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುತ್ತಿದ್ದರು. ಅವರ ಪಿಸುಮಾತು ಪಕ್ಕದ ಬೀದಿಗೂ ಕೇಳುತ್ತದೆ.

"ಕೋನಪ್ಪಾ, ಬೆಳಿಗ್ಗೆ ಫಾಲಿನ್! ಅದೇ, ನಿನ್ ಹೊಂಡದ ಹತ್ರ. ಹೆಂಗಸ್ರನ್ನೂ ಕರ್ಕೊಂಡ್ ಬಾ. ನಲ್ಲಪ್ಪನಿಗೂ ಹೇಳು, ಈ ಸಲ ಸರ್ಯಾಗ್ ಬೀಳ್ಬೇಕು ಅಂತ."

ನನ್ನ ಎದೆ ಧಸಕ್ಕೆಂದಿತು. ಫಾಲ್ ಇನ್! ಇಂಗ್ಲಿಷ್ ಮೇಷ್ಟ್ರ ತಲೆ ಕೂಡಲೇ ವ್ಯಾಕರಣಕ್ಕೆ ಬಿತ್ತು. ಫಾಲ್ ಅಂದರೆ ಬೀಳು. ಇನ್ ಅಂದರೆ ಒಳಗೆ. ಒಳಗೆ ಬೀಳು. ಯಾವುದರ ಒಳಗೆ? ಮುಂದೆ ಒಂದು ನಾಮಪದ ಬೇಕಲ್ಲ? ಮಾವ ಅದನ್ನೂ ಹೇಳಿಯೇ ಇದ್ದಾರೆ: ಹೊಂಡ! ಕೋನಪ್ಪನ ತೋಟದ ಕೃಷಿ ಹೊಂಡ! ಮುದುಕರೆಲ್ಲ ಹೆಂಡಿರ ಸಮೇತ ಹೊಂಡದೊಳಗೆ ಬೀಳುವುದೇ? ಗೇಟಿಗೆ ಬೀಗ ಬೀಳುವ ಭಯ ಮನುಷ್ಯನನ್ನು ಇಷ್ಟು ದೂರ ತಳ್ಳುತ್ತದೆಯೇ?

ಬೆಳಿಗ್ಗೆ ಮಾವ ಹೊರಟರು. ಸೊಪ್ಪಿನ ಚೀಲ ಹಿಡಿದು ಅತ್ತೆ ಹೊರಟರು. ಅತ್ತೆಯ ಹಿಂದೆ, ತಲೆಗೆ ಮಫ್ಲರ್ ಸುತ್ತಿಕೊಂಡು ನಾನು ಹೊರಟೆ. ಜ್ಯೋತಿ ಅಡುಗೆಮನೆಯಲ್ಲಿದ್ದಳು.

ಕೋನಪ್ಪನ ತೋಟದ ಬೇಲಿ ದಾಟುವಾಗ ರೇಷ್ಮೆ ಸಾಕುವ ಹುಳುಮನೆಯ ಹಿಂದಿನಿಂದ ಮಾವನ ಕಂಠ ಮೊಳಗಿತು. "ಫಾಲಿನ್!" ಅದರ ಬೆನ್ನಿಗೇ ಧಪ್! ಇನ್ನೊಂದು ಧಪ್! ನನ್ನ ಜೀವ ಬಾಯಿಗೆ ಬಂತು. ಊದಿದ ಮಂಡಿಯನ್ನೂ ಮರೆತು ಓಡಿ ಹೊಂಡದ ಏರಿ ಹತ್ತಿದೆ. ಹೊಂಡದಲ್ಲಿ ಯಾರೂ ಇರಲಿಲ್ಲ. ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ತಳದಲ್ಲಿ ಪಾಚಿಗಟ್ಟಿದ ನೀರು ಮಾತ್ರ ಇತ್ತು. ಏರಿಯ ಇನ್ನೊಂದು ಮಗ್ಗುಲಿಗೆ, ಹುಳುಮನೆಯ ಅಂಗಳದಲ್ಲಿ ಹುಲ್ಲು ದಪ್ಪಗೆ ಹಾಸಿತ್ತು. ಅದರ ಮೇಲೆ ನಮ್ಮತ್ತೆ ಬಿದ್ದಿದ್ದರು!

"ಶಾಬಾಶ್ ಕೊಂಡಾ!" ಮಾವ ಚಪ್ಪಾಳೆ ತಟ್ಟಿದರು. "ತಲೆ ನೆಲಕ್ ತಾಗ್ಲಿಲ್ಲ, ಕೈ ಊರ್ಲಿಲ್ಲ. ಹಂಗ್ ಬೀಳ್ಬೇಕು! ನೆಕ್ಸ್ಟ್, ನಲ್ಲಪ್ಪ. ಪೊಸಿಷನ್ ಲೇ!"

ಹಳೆಯ ಸಿಪಾಯಿ ನಲ್ಲಪ್ಪ ಶಿಸ್ತಾಗಿ ಹುಲ್ಲಿನ ಮೇಲೆ ಉರುಳಿದರು. ಅದೇ ಕ್ಷಣಕ್ಕೆ ಬಿದ್ದಿದ್ದ ಅತ್ತೆ ಎದ್ದು ಕೂತರು. ಪಕ್ಕದಲ್ಲಿದ್ದ ಕೋನಪ್ಪನ ಹೆಂಡತಿ ಅಮ್ಮಾಜಮ್ಮ ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನ್ ಸುಬೇದಾರ್ರೇ, ನಂಗ್ಯಾಕೆ ಲೇ ಅಂತೀರಾ?"

"ನಿಮಗಲ್ಲಮ್ಮ ಅಂದಿದ್ದು! ಹಿಂದೀಲಿ ಲೇ ಅಂದ್ರೆ ತಗೋ ಅಂತ. ಪೊಸಿಷನ್ ತಗೋ ಅಂತ. ನೀನ್ಯಾಕೇ ಎದ್ದೆ ಕೊಂಡಾ?"

"ನೀವೇ ಲೇ ಲೇ ಅಂದ್ರಲ್ಲ!" ಅಂದರು ಅತ್ತೆ. "ನಮ್ಮಮ್ಮ ತೆಲುಗಲ್ಲಿ ದಿನಾ ಹಂಗೇ ನನ್ನ ಎಬ್ಬಿಸ್ತಾ ಇದ್ದಿದ್ದು."

ಒಂದೇ ಲೇ! ಹಿಂದಿ ಬಲ್ಲ ಸಿಪಾಯಿ ಮಲಗಿದ, ತೆಲುಗು ಬಲ್ಲ ಹೆಂಡತಿ ಎದ್ದಳು, ಕನ್ನಡದ ಅಮ್ಮಾಜಮ್ಮ ಜಗಳಕ್ಕೆ ಬಂದರು! ನಾಲ್ಕು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಹಗ್ಗ ಸುತ್ತುತ್ತಿದ್ದ ಕೋನಪ್ಪನೂ ಸೇರಿ ನಕ್ಕರು. ನಾನು ಏರಿಯ ಮೇಲೆ ಬಾಯಿ ಮುಚ್ಚಿಕೊಂಡು ಕಿಸಕಿಸನೆ ನಕ್ಕೆ.

ನಗು ನಿಂತ ಮೇಲೆ ಮಾವ ಒಂದು ಕುರ್ಚಿ ತಂದು ಹುಲ್ಲಿನ ಮೇಲಿಟ್ಟರು. "ಈಗ ಮುಖ್ಯ ಪಾಠ. ಫಿಸಿಯೋ ಮಗು ಹೇಳಿದ್ದು ನೆನಪಿದ್ಯಲ್ಲ? ಗಂಡ ಬಿದ್ದ ಅಂತ ಓಡ್ಹೋಗಿ ರಟ್ಟೆ ಹಿಡ್ದು ಎಳೀಬಾರ್ದು. ಮೊದ್ಲು ಮಾತಾಡ್ಸಿ. ನೋವಿದ್ರೆ ಅಲುಗಾಡಿಸ್ಬೇಡಿ, ಜನ ಕರೀರಿ. ನೋವಿಲ್ಲ ಅಂದ್ರೆ ಕುರ್ಚಿ ತನ್ನಿ. ಅವನೇ ಮೊಣಕೈ ಊರಿ, ಮಂಡಿ ಊರಿ, ಕುರ್ಚಿ ಹಿಡ್ಕೊಂಡ್ ಏಳ್ಲಿ."

ನಲ್ಲಪ್ಪ ಹಾಗೇ ಎದ್ದರು. ಮೊಣಕೈಗೆ ಮಣ್ಣು, ಮಂಡಿಗೆ ಮಣ್ಣು. ನನ್ನ ಕುತೂಹಲದ ಗಂಟು ಒಂದೊಂದಾಗಿ ಬಿಚ್ಚಿಕೊಂಡಿತು.

"ಈ ವಯಸ್ಸಲ್ಲಿ ಇದೆಲ್ಲ ಯಾಕ್ ಸಾರ್?" ಅಂದರು ನಲ್ಲಪ್ಪ ಏದುಸಿರು ಬಿಡುತ್ತ.

ಮಾವ ಅತ್ತೆಯ ಮಣಿಕಟ್ಟನ್ನು ಒಮ್ಮೆ ನೋಡಿದರು. "ಅವತ್ತು ಬಚ್ಚಲಲ್ಲಿ ನಾನ್ ಬಿದ್ದಿದ್ದಕ್ಕೆ ಏನೂ ಆಗ್ಲಿಲ್ಲ ಕಣೋ. ನನ್ನ ಎತ್ತೋಕ್ ಬಂದು ಇವಳು ಬಿದ್ಲಲ್ಲ, ಅದು ನಂಗ್ ತಡೆಯೋಕಾಗ್ಲಿಲ್ಲ. ನಾನ್ ಎಲ್ಲೆಲ್ಲೋ ಪೋಸ್ಟಿಂಗಲ್ಲಿದ್ದಾಗ ಮನೇನ ಒಬ್ಳೇ ಹೊತ್ಕೊಂಡೋಳು. ಈಗ ನನ್ನೂ ಹೊರೋ ಹಂಗಾಗ್ಬಾರ್ದು."

ಮಾವ ಬಿದ್ದೆ ಎಂದು ಒಪ್ಪಿಕೊಂಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಕಣ್ಣು ತುಂಬಿ ಬಂತು. ಮನಸ್ಸು ತಡೆಯದೆ, ಇದ್ದ ಜಾಗವನ್ನೂ ಮರೆತು, ಎರಡೂ ಕೈಯೆತ್ತಿ ಜೋರಾಗಿ ಚಪ್ಪಾಳೆ ಹೊಡೆದೆ. ಚೆನ್ನಾಗಿ ಹೊಡೆಯಲೆಂದು ಒಂದು ಹೆಜ್ಜೆ ಹಿಂದಿಟ್ಟೆ.

ಹಿಂದೆ ಇದ್ದದ್ದು ಪ್ಲಾಸ್ಟಿಕ್ ಹಾಳೆ!

ಆಮೇಲೆ ನಡೆದದ್ದನ್ನು ವ್ಯಾಕರಣಬದ್ಧವಾಗಿಯೇ ಹೇಳುತ್ತೇನೆ: ನಾನು ಫಾಲ್ ಆದೆ, ಇನ್ ಆದೆ. ಕಾಲು ಮಡಚಿಕೊಂಡು, ಕೈ ಬಡಿದುಕೊಂಡು, ಪಾಚಿ ನೀರಿಗೆ ದುಡುಂ! ನೀರು ಸೊಂಟದ ಮಟ್ಟಕ್ಕಷ್ಟೇ ಇತ್ತು ನಿಜ. ಆದರೆ ಆ ಹಾಳೆಯ ಮೇಲೆ ಹತ್ತಲು ಸಾಧ್ಯವೇ? ಒಂದು ಹೆಜ್ಜೆ ಏರಿದರೆ ಸರ್ರನೆ ಬುಡಕ್ಕೆ! ಒಂದು ಪಾದ ಊರಲೇ ಆಗುತ್ತಿಲ್ಲ. ಎದೆ ಹೊಡೆದುಕೊಳ್ಳತೊಡಗಿತು. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿ ಹೆದರಿದೆ.

"ಮಾವಾ! ಬಿದ್ದೇ! ಬಿದ್ದೇ!"

ಏರಿಯ ಮೇಲೆ ಐದು ಬಿಳಿ ತಲೆಗಳು ಕಾಣಿಸಿದವು.

"ಅಯ್ಯೋ, ಮೇಷ್ಟ್ರು!" ಅಂದರು ಅಮ್ಮಾಜಮ್ಮ. "ಈಜೋಕ್ ಬಂದ್ರಾ?"

"ಅಳಿಯಂದ್ರೇ, ಒದ್ದಾಡ್ಬೇಡಿ!" ಮಾವನ ಸ್ವರಕ್ಕೆ ಸೇತುವೆ ಕಟ್ಟಿದ ಕಾಲದ ಕಾವು ಬಂದಿತ್ತು. "ಸುಮ್ನೆ ನಿಂತ್ಕೊಳಿ. ಕೋನಪ್ಪಾ, ಹಗ್ಗ! ಒಂದ್ ತುದಿ ಆ ಕಂಬಕ್ಕೆ ಸುತ್ತು. ಯಾರೂ ನಿಂತ್ಕೊಂಡ್ ಎಳೀಬೇಡಿ. ಎಲ್ರೂ ದೂರ ಕೂತ್ಕೊಳಿ, ಕೂತ್ಕೊಂಡ್ ಎಳೀರಿ!"

ಹಗ್ಗ ಬಂತು. ಕಂಕುಳಿಗೆ ಸುತ್ತಿಕೊಂಡೆ. ಇಬ್ಬರು ಮಾಜಿ ಸೈನಿಕರು, ಅವರ ಹಿಂದೆ ಇಬ್ಬರು ಹೆಂಗಸರು ಸಾಲಾಗಿ ನೆಲಕ್ಕೆ ಕೂತು, ಮಾವನ "ಐಸಾ" ಕೂಗಿಗೆ ಎಳೆದರು. ದಡಕ್ಕೆ ಬಂದು ಬೋರಲಾಗಿ ಬಿದ್ದುಕೊಂಡೆ. ಎತ್ತಲು ಯಾರೂ ಓಡಿ ಬರಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು, "ಎಲ್ಲಿ ನೋವಪ್ಪಾ?" ಅಂದರು. ಪಾದದ ಕೀಲು ಎಂದೆ. ಮುಟ್ಟಿ ನೋಡಿ, ಉಳುಕಿದೆ ಎಂದರು. ಅಮ್ಮಾಜಮ್ಮ ಕುರ್ಚಿ ತಂದಿಟ್ಟರು. ಮೊಣಕೈ ಊರಿ, ಒಂದು ಮಂಡಿ ಊರಿ, ಕುರ್ಚಿ ಹಿಡಿದು ಎದ್ದೆ. ಪಾಠ ಆಗಷ್ಟೇ ಕೇಳಿದ್ದೆನಲ್ಲ!

"ಯಾಕ್ ಬಂದ್ರಿ ಇಲ್ಲಿಗೆ?" ಮಾವ ಕೇಳಿದರು.

"ನೀವೆಲ್ಲ ಹೊಂಡಕ್ ಬೀಳ್ತೀರ ಅಂದ್ಕೊಂಡೆ ಮಾವ. ಫಾಲಿನ್ ಅಂದ್ರಲ್ಲ..."

"ಫಾಲಿನ್ ಅಂದ್ರೆ ಸಾಲಾಗ್ ನಿಂತ್ಕೊಳಿ ಅಂತ ಕಣ್ರೀ! ಇಂಗ್ಲಿಷ್ ಮೇಷ್ಟ್ರಲ್ವಾ ನೀವು?"

ಕೋನಪ್ಪನ ಹಳೆಯ ಮಿಲಿಟರಿ ಕೋಟು ಹೊದ್ದು, ಅವರದೇ ಟಿವಿಎಸ್ಸಿನ ಹಿಂದೆ ಕೂತು ಮನೆಗೆ ಬಂದೆ. ಮಾವ, ಅತ್ತೆ ಹಿಂದೆಯೇ ಆಟೋದಲ್ಲಿ ಬಂದಿಳಿದರು. ಗೇಟಿನಲ್ಲಿ ಟಿಫನ್ ಬ್ಯಾಗ್ ಹಿಡಿದು ಜ್ಯೋತಿ ನಿಂತಿದ್ದಳು. ನನ್ನ ತಲೆಯ ಮೇಲಿನ ಪಾಚಿ ನೋಡಿದಳು. ಅಪ್ಪನ ಮೊಣಕೈ ನೋಡಿದಳು. ಅಮ್ಮನ ತುರುಬು ನೋಡಿದಳು.

"ಏನಿದು? ಯಾರ್ ಬಿದ್ದಿದ್ದು?"

ಮಾವ ಅಟೆನ್ಷನ್‌ನಲ್ಲಿ ನಿಂತರು. ನನ್ನನ್ನು ಕಾಪಾಡಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ.

"ಯಾರೂ ಬಿದ್ದಿಲ್ಲ ಕಣಮ್ಮ. ಅಳಿಯಂದ್ರು ಪೊಸಿಷನ್ ತಗೊಂಡ್ರು."

"ಎಲ್ಲಿ?"

"ನೀರಲ್ಲಿ."

ಇನ್ನು ಮುಚ್ಚಿಡಲಾಗಲಿಲ್ಲ. ಹುಲ್ಲು, ಕುರ್ಚಿ, ಲೇ, ಹಗ್ಗ, ಎಲ್ಲವನ್ನೂ ನಾನೇ ಹೇಳಿದೆ. ಮಾವ ಗೇಟಿನ ಸರಳು ಹಿಡಿದು ತೀರ್ಪಿಗೆ ಕಾಯುತ್ತಿದ್ದರು. ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ವರಾಂಡದ ಚಾಪೆಯ ಮೇಲೆ ಮಲಗಿಯೇಬಿಟ್ಟರು. ಮಾವ ಕುರ್ಚಿ ಸರಿಸಿದರು, ಕೈ ಕೊಡಲಿಲ್ಲ. ಅತ್ತೆ ಮಗ್ಗುಲಾಗಿ, ಮೊಣಕೈ ಊರಿ, ಮಂಡಿ ಊರಿ, ಕುರ್ಚಿ ಹಿಡಿದು ತಾವೇ ಎದ್ದು ನಿಂತು ಮಗಳ ಮುಖ ನೋಡಿದರು.

ಜ್ಯೋತಿ ಅಮ್ಮನ ತುರುಬಿನ ಹುಲ್ಲುಕಡ್ಡಿ ತೆಗೆದು, ಅಪ್ಪನ ಮೊಣಕೈ ಕೊಡವಿದಳು. "ನಂಗೊಂದ್ ಮಾತ್ ಹೇಳೋಕ್ ಏನಾಗಿತ್ತಪ್ಪ ನಿಂಗೆ?" ಅಂದಳು. ಆಮೇಲೆ ಬ್ಯಾಗಿನಿಂದ, ಕಾನೂನು ಹೊರಡಿಸಿದಾಗಲೇ ತಂದಿಟ್ಟುಕೊಂಡಿದ್ದ ಹೊಸ ಬೀಗ ತೆಗೆದಳು. ನನ್ನ ಎದೆ ಮತ್ತೆ ಧಸಕ್ಕೆಂದಿತು.

"ರೂಲ್ ಅಂದ್ರೆ ರೂಲು," ಅಂದಳು ಬ್ಯಾಂಕಿನ ದನಿಯಲ್ಲಿ. "ಈ ಮನೇಲಿ ಬಿದ್ದೋರಿಗೆ ಗೇಟ್ ಬಂದ್. ಅಪ್ಪಾ, ಕೀ ನಿನ್ ಹತ್ರಾನೇ ಇರ್ಲಿ. ಇವ್ರ ಕಾಲ್ ವಾಸಿ ಆಗೋವರ್ಗೂ ಹೊರಗ್ ಬಿಡ್ಬೇಡ!"

ಮರುದಿನ ಬೆಳಿಗ್ಗೆ ನಾನು ಕಾಲಿಗೆ ಪಟ್ಟಿ ಸುತ್ತಿಕೊಂಡು ವರಾಂಡದಲ್ಲಿ ಕೂತಿದ್ದೆ. ಮಾವ ಪಾಲಿಶ್ ಹಾಕಿದ ಬೂಟಿನಲ್ಲಿ ಹೊರಬಂದರು. ಹಿಂದೆ ಅತ್ತೆ. ಈ ಸಲ ಸೊಪ್ಪಿನ ಚೀಲದ ಸುಳ್ಳು ಬೇಕಿರಲಿಲ್ಲ. ಮಾವ ಬೀಗ ತೆಗೆದು ಅತ್ತೆಯನ್ನು ಆಚೆ ಬಿಟ್ಟು, ಏನೋ ನೆನಪಾದಂತೆ ಹಿಂದೆ ಬಂದರು. ಬೆಲ್ ಬಿಗಿದ ಊರುಗೋಲನ್ನು ನನ್ನ ಕುರ್ಚಿಗೆ ಒರಗಿಸಿದರು.

"ಅಳಿಯಂದ್ರೇ, ಏಳ್ಬೇಕು ಅನ್ನಿಸಿದ್ರೆ ಬೆಲ್ ಹೊಡೀರಿ. ನಾವು ಎದ್ದೂ ಬಿದ್ದೂ ಓಡ್ಬರ್ತೀವಿ." ಗೇಟಿಗೆ ಬೀಗ ಜಡಿದು, ಸರಳಿನ ಸಂದಿಯಿಂದ ಮೀಸೆ ತಿರುವಿದರು. "ನಮಗೆ ಎರಡೂ ಬರುತ್ತೆ!"